ಮೂರನೇ ಸಲ ಕೂಗುವ ಮುನ್ನ

2002ರ ಜುಲೈ 30ರಂದು ನ್ಯೂಯಾರ್ಕಿನಲ್ಲಿ ಒಂದೇ ಒಂದು ನಾಣ್ಯಕ್ಕಾಗಿ ಹರಾಜು ನಡೆಯಿತು. ಅದು ಅಮೆರಿಕದ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ, ‘ಡಬಲ್ ಈಗಲ್’, ಅದರಲ್ಲೂ 1933ರದು. ಆ ವರ್ಷ ಅಚ್ಚು ಹಾಕಿದ್ದನ್ನು ಚಲಾವಣೆಗೆ ಬಿಡದೆ ಸರ್ಕಾರ ಕರಗಿಸಿಬಿಟ್ಟಿತ್ತು. ಹೇಗೋ ಟಂಕಸಾಲೆಯಿಂದ ಹೊರಬಿದ್ದ ಕೆಲವು ನಾಣ್ಯಗಳಲ್ಲಿ ಖಾಸಗಿಯವರು ಇಟ್ಟುಕೊಳ್ಳಲು ಕಾನೂನಿನ ಒಪ್ಪಿಗೆ ಸಿಕ್ಕಿದ್ದು ಇದೊಂದಕ್ಕೆ. ಸುತ್ತಿಗೆ ಬಿದ್ದದ್ದು 66 ಲಕ್ಷ ಡಾಲರಿಗೆ. ಕೊಂಡವರು ಕಟ್ಟಿದ್ದು 75,90,020 ಡಾಲರ್. ಹೆಚ್ಚಾದ ಹಣದಲ್ಲಿ 9,90,000 ಡಾಲರ್ ಹರಾಜು ಮನೆಯ ಶುಲ್ಕ, ಅಂದರೆ ಶೇ. 15. ಮಿಕ್ಕ ಇಪ್ಪತ್ತು ಡಾಲರ್ ನಾಣ್ಯದ ಮುಖಬೆಲೆ. ಸರ್ಕಾರದ ಲೆಕ್ಕದಲ್ಲಿ ಆ ನಾಣ್ಯ ಅಧಿಕೃತವಾಗಿ ಹೊರಬಂದದ್ದೇ ಅವತ್ತು. ಆದ್ದರಿಂದ ಮುಖಬೆಲೆಯನ್ನೂ ಖಜಾನೆಗೆ ತೆರಬೇಕಾಯಿತು.

ಇಪ್ಪತ್ತು ಡಾಲರಿನ ತಮಾಷೆ ಹಾಗಿರಲಿ. ಶೇ. 15ರ ಸಂಗತಿ ಮಾತ್ರ ತಮಾಷೆಯದಲ್ಲ. ಕೊಳ್ಳುವವರಿಂದಲೂ ಶುಲ್ಕ ತೆಗೆದುಕೊಳ್ಳುವ ಪದ್ಧತಿಯನ್ನು ಲಂಡನ್ನಿನಲ್ಲಿ ಕ್ರಿಸ್ಟೀಸ್ ಮತ್ತು ಸದಬೀಸ್ ಹರಾಜು ಮನೆಗಳು 1975ರಲ್ಲಿ ಶುರುಮಾಡಿದವು. ಆಗ ಅದು ಶೇ. 10 ಇತ್ತು. ವ್ಯಾಪಾರಿಗಳು ಗಲಾಟೆ ಮಾಡಿದರೂ ಪದ್ಧತಿ ಊರೂರಿಗೆ ಹಬ್ಬಿತು. ಬೆಂಗಳೂರು, ಮುಂಬೈ, ಅಹಮದಾಬಾದುಗಳಲ್ಲಿ ನಡೆಯುವ ನಾಣ್ಯ ಹರಾಜುಗಳ ಕ್ಯಾಟಲಾಗನ್ನು ಕೈಗೆತ್ತಿಕೊಂಡರೆ ನಾವೆಲ್ಲ ಮೊದಲು ನೋಡುವುದು ಬಣ್ಣದ ಚಿತ್ರಗಳನ್ನು: ವಿಜಯನಗರದ ವರಾಹ, ಟಿಪ್ಪುವಿನ ಆನೆ ಪೈಸೆ, ಐದನೇ ಜಾರ್ಜನ ರೂಪಾಯಿ. ಮೊದಲು ಓದಬೇಕಾದದ್ದು ಸಣ್ಣಕ್ಷರದ ಷರತ್ತುಗಳನ್ನು. ಬೈಯರ್ಸ್ ಪ್ರೀಮಿಯಂ, ಅಂದರೆ ಕೊಳ್ಳುವವರ ಆ ಶುಲ್ಕ, ಎಷ್ಟು, ಜಿಎಸ್‌ಟಿ ಆ ಪ್ರೀಮಿಯಂ ಮೇಲೆ ಮಾತ್ರವೋ ಇಡೀ ಮೊತ್ತದ ಮೇಲೋ, ಕೊರಿಯರ್ ಮತ್ತು ವಿಮೆ ಯಾರ ತಲೆಗೆ ಎಂಬುದೆಲ್ಲ ಅಲ್ಲೇ ಇರುತ್ತದೆ. ಒಂದು ಮನೆಯ ಷರತ್ತು ಇನ್ನೊಂದರಂತೆ ಇರುವುದಿಲ್ಲ.

ಲೆಕ್ಕವನ್ನು ಅಂಕಿಯಲ್ಲೇ ನೋಡೋಣ. ಒಂದು ನಾಣ್ಯಕ್ಕೆ ನಿಮ್ಮ ಕೈಯಿಂದ ಒಟ್ಟು 30,000 ರೂಪಾಯಿ ಹೋದರೆ ಅಡ್ಡಿಯಿಲ್ಲ ಎಂದುಕೊಂಡಿದ್ದೀರಿ. ಪ್ರೀಮಿಯಂ ಶೇ. 15, ಕೂಗಿನ ಬೆಲೆ ಮತ್ತು ಪ್ರೀಮಿಯಂ ಎರಡೂ ಸೇರಿದ ಮೊತ್ತದ ಮೇಲೆ ತೆರಿಗೆ ಶೇ. 5, ಕೊರಿಯರಿಗೆ 500 ಎಂದು ಇಟ್ಟುಕೊಳ್ಳಿ. ದರಗಳನ್ನು ಉದಾಹರಣೆಗಷ್ಟೇ ಹೇಳುತ್ತಿದ್ದೇನೆ. ಮೂವತ್ತು ಸಾವಿರದಲ್ಲಿ ಐನೂರು ಕಳೆದು, ಉಳಿದ 29,500ನ್ನು 1.2075ರಿಂದ ಭಾಗಿಸಿದರೆ 24,430ರ ಆಸುಪಾಸು ಬರುತ್ತದೆ. ಹರಾಜಿನವರ ಏರಿಕೆ ಸಾವಿರದ ಲೆಕ್ಕದಲ್ಲಿದ್ದರೆ ನಿಮ್ಮ ಮಿತಿ 24,000. ಕೈ ಇಳಿಸಬೇಕಾದ ಜಾಗ ಅದು. ಇದನ್ನು ಮರೆತು ಕೂಗಿನಲ್ಲೇ ಮೂವತ್ತು ಮುಟ್ಟಿದವರ ಬಿಲ್ಲು 36,725 ಆಗುತ್ತದೆ. ಎದುರಾಳಿ ಯಾರೂ ಇಲ್ಲದೆ, ತಮ್ಮ ಮರೆವಿನ ಜೊತೆಗೇ ಪೈಪೋಟಿ ಮಾಡಿ ಆರೂಮುಕ್ಕಾಲು ಸಾವಿರ ಕಳೆದಂತೆ.

ಇಷ್ಟು ಬರೀ ಗಣಿತ. ಆ ಮೂವತ್ತು ಸಾವಿರ ಎಂಬ ಮೂಲ ಅಂಕಿ ಎಲ್ಲಿಂದ ಬರಬೇಕು ಎಂಬುದು ಕಷ್ಟದ ಪ್ರಶ್ನೆ. ‘ಇದು ಎಷ್ಟಕ್ಕೆ ಹೋಗಬಹುದು’ ಎಂದು ಊಹಿಸಿ, ಆ ಊಹೆಯನ್ನೇ ಮಿತಿ ಎಂದು ಬರೆದಿಡುವವರು ಬಹಳ ಮಂದಿ. ಊಹೆ ಬೇರೆ, ಮಿತಿ ಬೇರೆ. ಆ ಬೆಲೆಗೆ ಸಿಕ್ಕರೆ ಸಂತೋಷವಿಲ್ಲ, ಇನ್ನೊಂದು ಮೆಟ್ಟಿಲು ಮೇಲೆ ಬೇರೆಯವರಿಗೆ ಹೋದರೆ ಸಂಕಟವೂ ಇಲ್ಲ ಎನ್ನುವ ಜಾಗ ಯಾವುದೋ ಅದು ಮಿತಿ. ‘ಅಯ್ಯೋ, ಇನ್ನೊಂದು ಸಾವಿರ ಹಾಕಿದ್ದರೆ ಸಿಗುತ್ತಿತ್ತು’ ಎಂದು ರಾತ್ರಿ ಹೊರಳಾಡುವಂತಿದ್ದರೆ ನೀವು ಬರೆದದ್ದು ತೀರ ಕಡಿಮೆ. ‘ಸದ್ಯ, ಬೇರೆಯವರು ಏರಿಸಿದರು’ ಎಂದು ನಿಟ್ಟುಸಿರು ಬಿಡುವಂತಿದ್ದರೆ ತೀರ ಹೆಚ್ಚು.

ಹರಾಜಿನ ಈ ತರ್ಕವನ್ನು ಕಾಗದದ ಮೇಲೆ ತೋರಿಸಿಕೊಟ್ಟವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. 1961ರ ಅವರ ಪ್ರಬಂಧ ಎತ್ತಿಕೊಂಡದ್ದು ಮುಚ್ಚಿದ ಲಕೋಟೆಯ ಹರಾಜನ್ನು. ಶಿರಸಿಯ ಅಡಿಕೆ ಟೆಂಡರ್ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವ್ಯಾಪಾರಿ ದರ ಬರೆದು ಕೊಡುತ್ತಾನೆ. ಹೆಚ್ಚು ಬರೆದವನಿಗೆ ಮಾಲು, ಬರೆದಷ್ಟೇ ದರ. ಹೀಗಿದ್ದಾಗ ಯಾರೂ ಮನಸ್ಸಿನಲ್ಲಿರುವ ಪೂರಾ ಬೆಲೆ ಬರೆಯುವುದಿಲ್ಲ, ಸ್ವಲ್ಪ ಒಳಗೇ ಬರೆಯುತ್ತಾರೆ. ಹೆಚ್ಚು ಬರೆದವನಿಗೇ ಮಾಲು ಕೊಟ್ಟು, ಎರಡನೆಯವನು ಬರೆದ ದರವನ್ನು ಮಾತ್ರ ಅವನಿಂದ ತೆಗೆದುಕೊಂಡರೆ? ಆಗ ಒಳಗೆ ಬರೆದು ಲಾಭವಿಲ್ಲ, ಮಾಲು ಕೈತಪ್ಪುತ್ತದೆ ಅಷ್ಟೆ; ಮೇಲೆ ಬರೆದರೆ ನಷ್ಟದ ಭಯ. ನಿಜವಾದ ಬೆಲೆಯನ್ನೇ ಬರೆಯುವುದು ಜಾಣತನ ಎಂದು ವಿಕ್ರಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಮೂರೇ ದಿನಕ್ಕೆ ತೀರಿಕೊಂಡರು. ಸ್ವಾರಸ್ಯವೆಂದರೆ ಅಂಚೆಚೀಟಿ ಮಾರುವವರು ಇದನ್ನು ಯಾವ ಪ್ರಬಂಧವನ್ನೂ ಓದದೆ ಆಗಲೇ ಕಂಡುಕೊಂಡಿದ್ದರು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1893ರಲ್ಲೇ ಅಂಚೆಚೀಟಿಗಳ ಹರಾಜೊಂದು ಎರಡನೇ ದರದ ಲೆಕ್ಕದಲ್ಲಿ ನಡೆದದ್ದು ದಾಖಲಾಗಿದೆ.

ನಮ್ಮ ನಾಣ್ಯ ಹರಾಜುಗಳಲ್ಲಿ ‘ಬುಕ್ ಬಿಡ್’ ಎನ್ನುವುದು ಇದೇ ಜಾತಿಯದು. ಹರಾಜಿಗೆ ಹೋಗಲಾಗದವರು ಲಾಟ್ ಸಂಖ್ಯೆ ಮತ್ತು ಗರಿಷ್ಠ ಮೊತ್ತವನ್ನು ಮುಂಚೆಯೇ ಬರೆದು ಕಳಿಸುತ್ತಾರೆ. ನೀವು 24,000 ಬರೆದಿದ್ದು, ನಿಮ್ಮ ನಂತರದವರು 15,000ಕ್ಕೆ ನಿಂತರೆ ನಿಮಗದು 16,000ಕ್ಕೆ ಸಿಗಬೇಕು. ಆನ್‌ಲೈನ್ ಹರಾಜಿನ ಯಂತ್ರವೂ ಹೀಗೇ ಮಾಡುತ್ತದೆ. ಆದ್ದರಿಂದ ಬುಕ್ ಬಿಡ್‌ನಲ್ಲಿ ಕಂಜೂಸಿ ಮಾಡಿ ಪ್ರಯೋಜನವಿಲ್ಲ. ಇಬ್ಬರು ಒಂದೇ ಮೊತ್ತ ಬರೆದಿದ್ದರೆ ಸಾಮಾನ್ಯವಾಗಿ ಮೊದಲು ತಲುಪಿದ್ದಕ್ಕೆ ಮನ್ನಣೆ. ಹಾಗಾಗಿ ತೀರ್ಮಾನವಾದ ಮೇಲೆ ಕೊನೆಯ ದಿನದವರೆಗೆ ಇಟ್ಟುಕೊಳ್ಳುವುದೂ ಬೇಡ. ಇದೆಲ್ಲ ನಡೆಸುವವರು ಪ್ರಾಮಾಣಿಕರಾಗಿದ್ದರೆ. ನಿಮ್ಮ ಗರಿಷ್ಠ ಅವರಿಗೆ ಗೊತ್ತಿರುತ್ತದಲ್ಲ! ಕಳಿಸಿದ ಬಿಡ್‌ಗಳೆಲ್ಲ ಪ್ರತಿ ಸಲವೂ ಸರಿಯಾಗಿ ನಿಮ್ಮ ಮಿತಿಗೇ ಬಂದು ನಿಲ್ಲುತ್ತಿದ್ದರೆ ಅದನ್ನು ಕಾಕತಾಳೀಯ ಎಂದುಕೊಳ್ಳುವಷ್ಟು ಒಳ್ಳೆಯವರಾಗಬೇಕಿಲ್ಲ. ಅಂಥ ಕಡೆ ಸ್ವತಃ ಹೋಗಿ ಕುಳಿತುಕೊಳ್ಳಿ, ಇಲ್ಲವೇ ಬೇರೆ ಮನೆ ಹುಡುಕಿ.

ವಿಕ್ರಿಯ ತರ್ಕಕ್ಕೆ ಒಂದು ಷರತ್ತಿದೆ: ನಿಮಗೆ ಅದರ ಬೆಲೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಾಣ್ಯಗಳದೇ ಒಂದು ಪ್ರಯೋಗವಿದೆ. ಮ್ಯಾಕ್ಸ್ ಬೇಜರ್‌ಮನ್ ಮತ್ತು ವಿಲಿಯಂ ಸ್ಯಾಮ್ಯುಯೆಲ್ಸನ್ ಎಂಬ ಸಂಶೋಧಕರು ಬೋಸ್ಟನ್ನಿನ ಎಂಬಿಎ ವಿದ್ಯಾರ್ಥಿಗಳ ಮುಂದೆ ಚಿಲ್ಲರೆ ನಾಣ್ಯ ತುಂಬಿದ ಭರಣಿಗಳನ್ನು ಇಟ್ಟು ಹರಾಜು ಹಾಕಿದರು. 1983ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೊಂದರಲ್ಲೂ ಇದ್ದದ್ದು ಎಂಟು ಡಾಲರಿನಷ್ಟು. ವಿದ್ಯಾರ್ಥಿಗಳ ಸರಾಸರಿ ಅಂದಾಜು 5.13 ಡಾಲರ್, ಅಂದರೆ ಗುಂಪಾಗಿ ನೋಡಿದರೆ ಅವರು ಕಡಿಮೆಯೇ ಅಂದಾಜು ಮಾಡಿದ್ದರು. ಆದರೂ ಗೆದ್ದ ಕೂಗುಗಳ ಸರಾಸರಿ 10.01 ಡಾಲರ್! ಹರಾಜು ಸರಾಸರಿಯವನ ಕೈಗೆ ಹೋಗುವುದಿಲ್ಲ, ಎಲ್ಲರಿಗಿಂತ ಹೆಚ್ಚೆಂದು ಅಂದಾಜು ಮಾಡಿದವನ ಕೈಗೆ ಹೋಗುತ್ತದೆ. ಮೆಕ್ಸಿಕೊ ಕೊಲ್ಲಿಯ ತೈಲ ನಿಕ್ಷೇಪಗಳನ್ನು ಹರಾಜಿನಲ್ಲಿ ಹಿಡಿದ ಕಂಪನಿಗಳ ಪಾಡೂ ಇದೇ ಎಂದು ಮೂವರು ಎಂಜಿನಿಯರುಗಳು 1971ರಲ್ಲೇ ಬರೆದಿದ್ದರು. ಗೆದ್ದವನ ಶಾಪ ಎಂದು ಅದು ಪ್ರಸಿದ್ಧವಾಗಿದೆ.

ಸಂಗ್ರಹಕಾರರು ಇದರಿಂದ ತಿಳಿಯಬೇಕಾದದ್ದು ಸ್ವಲ್ಪ ಸೂಕ್ಷ್ಮ. ನಾಣ್ಯವನ್ನು ಮುಂದೆ ಮಾರುವುದಕ್ಕೆಂದು ಕೊಳ್ಳುವವರ ಸ್ಥಿತಿ ಆ ಭರಣಿಯಂಥದು. ಅದರ ಬೆಲೆ ಹೊರಗೆಲ್ಲೋ ನಿಶ್ಚಯವಾಗಿರುತ್ತದೆ, ಎಲ್ಲರೂ ಅದನ್ನೇ ಊಹಿಸುತ್ತಿರುತ್ತಾರೆ. ಅಂಥವರು ತಮ್ಮ ಅಂದಾಜಿಗಿಂತ ಕೆಳಗೆ ನಿಲ್ಲಬೇಕು. ಪೈಪೋಟಿಗೆ ಹೆಚ್ಚು ಜನ ಇದ್ದಷ್ಟೂ ಇನ್ನೂ ಕೆಳಗೆ. ಟಿಪ್ಪುವಿನ ಪಟ್ಟಣ (ಶ್ರೀರಂಗಪಟ್ಟಣ) ಟಂಕಸಾಲೆಯ ಸರಣಿ ಪೂರ್ತಿ ಮಾಡಲು ಹತ್ತು ವರ್ಷದಿಂದ ಒಂದು ಇಸವಿಗಾಗಿ ಕಾಯುತ್ತಿರುವವರಿಗೆ ಆ ಶಾಪ ಅಷ್ಟಾಗಿ ತಟ್ಟುವುದಿಲ್ಲ. ಅವರಿಗೆ ಅದರ ಬೆಲೆ ಅವರ ಪೆಟ್ಟಿಗೆಯಲ್ಲಿರುವ ಖಾಲಿ ಜಾಗದ ಬೆಲೆ. ತೊಂದರೆಯಾಗುವುದು ಎರಡನ್ನೂ ಕಲಸಿಕೊಂಡಾಗ. ಆಸೆಯ ಲೆಕ್ಕದಲ್ಲಿ ಕೂಗಿ, ಮನೆಗೆ ಬಂದು ‘ಇದು ಹೂಡಿಕೆ’ ಎಂದು ಹೆಂಡತಿಗೋ ಗಂಡನಿಗೋ ಹೇಳುವವರು ಕಡಿಮೆಯೇನಿಲ್ಲ.

ಹರಾಜಿನ ಕೋಣೆಯಲ್ಲಿ ಎದುರಾಳಿ ಯಾರು ಎಂಬುದೂ ಇಲ್ಲಿ ಗಣನೆಗೆ ಬರುತ್ತದೆ. ಕೊನೆಯವರೆಗೆ ನಿಮ್ಮ ಜೊತೆ ಏರುತ್ತಿರುವವರು ವ್ಯಾಪಾರಿಯಾಗಿದ್ದರೆ ಅವರಿಗೊಂದು ತಳವಿದೆ: ಇಷ್ಟಕ್ಕೆ ತೆಗೆದು, ಲಾಭ ಇಟ್ಟು, ಇಷ್ಟಕ್ಕೆ ಮಾರಬೇಕು ಎಂಬ ಲೆಕ್ಕ. ಅವರು ಬಿಟ್ಟ ಮೇಲೆ ಒಂದು ಮೆಟ್ಟಿಲು ಹತ್ತಿ ಕೊಂಡರೂ ಅದು ಅವರ ಅಂಗಡಿಯ ಬೆಲೆಗಿಂತ ಕಡಿಮೆಯೇ ಇರುವ ಸಾಧ್ಯತೆ ಹೆಚ್ಚು. ಎದುರಾಳಿ ನಿಮ್ಮಂಥದೇ ಹುಚ್ಚಿನ ಇನ್ನೊಬ್ಬ ಸಂಗ್ರಹಕಾರನಾಗಿದ್ದರೆ ಯಾವ ತಳವೂ ಇಲ್ಲ. ಊರಿನ ಜಾತ್ರೆಯಲ್ಲಿ ದೇವರ ಪ್ರಸಾದದ ತೆಂಗಿನಕಾಯಿ ಸಾವಿರಾರು ರೂಪಾಯಿಗೆ ಹೋಗುವುದನ್ನು ನೋಡಿದ್ದೀರಲ್ಲ. ಅಲ್ಲಿ ಕಾಯಿಗೆ ಬೆಲೆಯಲ್ಲ, ಮೈಕಿನಲ್ಲಿ ಹೆಸರು ಕೂಗುವುದಕ್ಕೆ. ಅಲ್ಲಿ ಆ ಹಣ ದೇವಸ್ಥಾನಕ್ಕಾದರೂ ಹೋಗುತ್ತದೆ. ನಾಣ್ಯದ ಹರಾಜಿನಲ್ಲಿ ಜಿದ್ದಿಗೆ ಬಿದ್ದವರ ದುಡ್ಡು ಹೋಗುವುದು ಗುರುತಿಲ್ಲದ ಯಾರದೋ ಜೇಬಿಗೆ. ‘ಒಂದು ಸಲ, ಎರಡು ಸಲ’ ಎಂಬ ಕೂಗಿನ ನಡುವಿನ ಮೂರು ಸೆಕೆಂಡಿನಲ್ಲಿ ಹೊಸ ಮಿತಿ ಹುಟ್ಟಿಸಿಕೊಂಡರೆ ಅದಕ್ಕೆ ಕಾರಣ ನಾಣ್ಯ ಅಲ್ಲ, ಎದುರಿನ ಸಾಲಿನಲ್ಲಿ ಎತ್ತಿದ ಆ ಕೈ.

ಇನ್ನು ಅಂಕಿ ಹುಡುಕುವ ಬಗೆ. ಕ್ಯಾಟಲಾಗಿನ ಅಂದಾಜು ಬೆಲೆಯನ್ನು ನಂಬುವಂತಿಲ್ಲ. ಜನ ಸೇರಲಿ ಎಂದು ಅದನ್ನು ತಗ್ಗಿಸಿಡುವ ರೂಢಿಯುಂಟು, ನಾಣ್ಯ ಕೊಟ್ಟವರ ಸಮಾಧಾನಕ್ಕೆ ಏರಿಸಿಡುವುದೂ ಉಂಟು. ಮಾರುವವರು ಕೇಳುತ್ತಿರುವ ಬೆಲೆಯನ್ನಂತೂ ಬದಿಗಿಡಿ. ಹಳೆಯ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ ಎಂಬ ಜಾಹೀರಾತುಗಳ ಹಾವಳಿ ಎಷ್ಟಾಯಿತೆಂದರೆ, ಹಳೆಯ ನಾಣ್ಯ ನೋಟುಗಳ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ತಾನು ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಡಬೇಕಾಯಿತು. ನೆಚ್ಚಬಹುದಾದದ್ದು ಹಿಂದಿನ ಹರಾಜುಗಳಲ್ಲಿ ಅದೇ ಬಗೆಯ ನಾಣ್ಯ ನಿಜವಾಗಿ ಹೋದ ಬೆಲೆಗಳನ್ನು ಮಾತ್ರ. ಹರಾಜು ಮನೆಗಳು ಅವನ್ನು ಪ್ರಕಟಿಸುತ್ತವೆ. ಆ ಅಂಕಿ ಪ್ರೀಮಿಯಂ ಸೇರಿಸಿದ್ದೋ ಸೇರಿಸದ್ದೋ ಎಂದು ಗಮನಿಸಿ; ಇಲ್ಲದಿದ್ದರೆ ಮಾವಿಗೆ ಹಲಸು ಹೋಲಿಸಿದಂತೆ. ಮೂರೋ ನಾಲ್ಕೋ ಸಿಕ್ಕರೆ, ಎಲ್ಲಕ್ಕಿಂತ ಮೇಲಿನದನ್ನು ಬಿಡಿ. ಅದು ಯಾರೋ ಇಬ್ಬರು ಜಿದ್ದಿಗೆ ಬಿದ್ದ ದಿನದ ಬೆಲೆ ಇರಬಹುದು.

‘ಅದೇ ಬಗೆಯ ನಾಣ್ಯ’ ಎಂದೆ. ಅದನ್ನು ನಿಶ್ಚಯಿಸುವುದು ಮಾತಿನಷ್ಟು ಸುಲಭವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಇಪ್ಪತ್ತು ಕಾಸನ್ನೇ ನೋಡಿ. ‘ಮಯಿಲಿ ಕಾಸು’ ಎಂಬ ಕನ್ನಡ ಬರಹ, ಜೊತೆಗೆ ಇಂಗ್ಲಿಷ್, ಫಾರಸಿ ಅಕ್ಷರ ಎಲ್ಲವೂ ಅಷ್ಟು ಚಿಕ್ಕ ಬಿಲ್ಲೆಯ ಮೇಲೆ ಕೂರಬೇಕು. ಅಚ್ಚು ಬಿಲ್ಲೆಗಿಂತ ದೊಡ್ಡದಾದಾಗ, ಅಥವಾ ಏಟು ಓರೆಯಾಗಿ ಬಿದ್ದಾಗ, ಅಕ್ಷರಗಳು ಅಂಚಿನಾಚೆ ಹೋಗಿಬಿಟ್ಟಿರುತ್ತವೆ. ಎಲ್ಲ ಅಕ್ಷರ ಓದಲು ಬರುವ ನಾಣ್ಯಕ್ಕೂ ಅರ್ಧ ಸವೆದದ್ದಕ್ಕೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ತಾಮ್ರದಲ್ಲಿ ತುಕ್ಕು, ಉಜ್ಜಿ ತೊಳೆದ ಗುರುತು. ಬೆಳ್ಳಿಯಲ್ಲಿ ಆಭರಣಕ್ಕೆ ಬೆಸೆದು ತೆಗೆದ ಕೊಂಡಿಯ ಕಲೆ. ವರಾಹಗಳಲ್ಲಿ ಚಿನ್ನ ಪರೀಕ್ಷಿಸಲು ಹಾಕಿದ ಕಚ್ಚು. ಚಿತ್ರದಲ್ಲಿ ಇವೆಲ್ಲ ಜಾಣತನದಿಂದ ಮರೆಯಾಗುತ್ತವೆ. ಹರಾಜಿನ ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ನಾಣ್ಯ ನೋಡಲು ಬಿಡುತ್ತಾರೆ. ಒಂದು ಭೂತಗನ್ನಡಿ ಹಿಡಿದು ಹೋಗುವುದು ವಾಸಿ. ನೋಡಲಾಗದಿದ್ದರೆ ಮಿತಿಯನ್ನು ಇಳಿಸಿ. ಎಷ್ಟು ಇಳಿಸಬೇಕೆಂದರೆ, ಕಂಡದ್ದಕ್ಕಿಂತ ಒಂದು ದರ್ಜೆ ಕೆಳಗಿನ ನಾಣ್ಯ ಎಂದೇ ಭಾವಿಸಿ ಬೆಲೆ ಕಟ್ಟುವಷ್ಟು.

ಟಿಪ್ಪುವಿನ ನಾಣ್ಯಗಳು ಇನ್ನೂ ಗಡಸು. ಅವನ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಪಟ್ಟಣ, ನಗರ, ಬೆಂಗಳೂರು ಎಂದು ಟಂಕಸಾಲೆಗಳು ಹಲವು. ಒಂದೇ ಆನೆ, ಒಂದೇ ತೂಕ, ಆದರೆ ಒಂದು ಟಂಕಸಾಲೆಯ ಒಂದು ವರ್ಷದ್ದು ರಾಶಿ ರಾಶಿ, ಇನ್ನೊಂದರದು ಕಣ್ಣಿಗೆ ಬೀಳುವುದೇ ಅಪರೂಪ. 1921ರಲ್ಲಿ ಮದ್ರಾಸಿನಲ್ಲಿ ಅಚ್ಚಾದ, ಈ ನಾಣ್ಯಗಳ ಕುರಿತ ಹೆಂಡರ್ಸನ್ನರ ಪುಸ್ತಕವನ್ನು ಇವತ್ತಿಗೂ ಸಂಗ್ರಹಕಾರರು ಪಕ್ಕದಲ್ಲಿಟ್ಟುಕೊಳ್ಳುವುದು ಇದಕ್ಕೇ. ಕ್ಯಾಟಲಾಗ್ ಬರೆದವರು ಇಸವಿಯನ್ನು ತಪ್ಪಾಗಿ ಓದಿರುವುದೂ ಉಂಟು. ಅಂಥ ಕಡೆ ಓದಲು ಬಲ್ಲವರಿಗೆ ಹಬ್ಬ.

ಕಥೆ ಇರುವ ನಾಣ್ಯಕ್ಕೆ ಮಿತಿ ಕಟ್ಟುವಾಗ ಕಥೆಯನ್ನು ಕಳೆದು ನೋಡಬೇಕು. 1911ರ ‘ಹಂದಿ ರೂಪಾಯಿ’ ಎಲ್ಲರಿಗೂ ಗೊತ್ತು. ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗಲಾಟೆಯಾಗಿ, ಸರ್ಕಾರ ನಾಣ್ಯವನ್ನು ವಾಪಸು ಪಡೆದು, ಮುಂದಿನ ವರ್ಷ ಆನೆಗೆ ಸರಿಯಾದ ಸೊಂಡಿಲು ಕೊಟ್ಟಿತು. ಬಹುಪಾಲು ಕರಗಿದವು, ನಿಜ. ಆದರೂ ಉಳಿದವು ಸಾಕಷ್ಟಿವೆ, ಹರಾಜಿನಲ್ಲಿ ಪದೇಪದೇ ಬರುತ್ತವೆ. ಇವತ್ತು ಕೈತಪ್ಪಿದರೆ ಕೆಲವು ತಿಂಗಳಲ್ಲಿ ಇನ್ನೊಂದು. ಇಂಥದಕ್ಕೆ ಮಿತಿ ಬಿಗಿಯಾಗಿರಬೇಕು, ಒಂದು ಮೆಟ್ಟಿಲೂ ಸಡಿಲಿಸಬಾರದು. ಆರನೇ ಜಾರ್ಜನ 1939ರ ರೂಪಾಯಿಯದು ಬೇರೆ ಮಾತು. ಶೇ. 91.7 ಬೆಳ್ಳಿಯ ಕೊನೆಯ ರೂಪಾಯಿ ಅದು, ಹೊರಬಂದದ್ದೇ ಬೆರಳೆಣಿಕೆಯಷ್ಟು. ಅಲ್ಲಿ ಮಿತಿಗಿಂತ ಮೊದಲಿನ ಪ್ರಶ್ನೆ ಅಸಲಿಯೋ ಎಂಬುದು, ಏಕೆಂದರೆ ಇಸವಿ ತಿದ್ದಿದ ನಕಲಿಗಳು ಓಡಾಡುತ್ತಿವೆ. ನಕಲಿ ಎಂದು ಸಾಬೀತಾದರೆ ಎಷ್ಟು ದಿನದೊಳಗೆ ಹಿಂದಿರುಗಿಸಬಹುದು ಎಂಬ ಷರತ್ತು ಸ್ಪಷ್ಟವಾಗಿಲ್ಲದ ಕಡೆ ಅದಕ್ಕೆ ಮಿತಿ ಸೊನ್ನೆ.

ಹೊರದೇಶದಲ್ಲಿರುವ ಕನ್ನಡಿಗರು ಒಂದು ವಿಷಯ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಬೆಂಗಳೂರಿನ ಹರಾಜಿನಲ್ಲಿ ಕೊಂಡ ಕಂಠೀರವ ಹಣ ಡಲ್ಲಾಸಿಗೆ ಬರುವುದಿಲ್ಲ, ಜಯನಗರದ ಅಣ್ಣನ ಮನೆಯಲ್ಲೇ ಇರಬೇಕು. ಇದರಿಂದಾಗಿ ಲಂಡನ್ನಿನ ಮಾರುಕಟ್ಟೆಯೇ ಬೇರೆ, ನಮ್ಮದೇ ಬೇರೆ. ಅಲ್ಲಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಇಲ್ಲಿ ಮಿತಿ ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಕೊಂಡದ್ದನ್ನು ಮಾರಬೇಕಾದದ್ದೂ ಇಲ್ಲಿಯೇ.

ಒಂದೇ ಹರಾಜಿನಲ್ಲಿ ಹಲವು ಲಾಟ್ ಬೇಕಾದವರಿಗೆ ಇನ್ನೊಂದು ಫಜೀತಿ. ಕ್ಯಾಟಲಾಗ್ ಸಾಮಾನ್ಯವಾಗಿ ಪ್ರಾಚೀನದಿಂದ ಶುರುವಾಗಿ ರಾಜಮನೆತನಗಳನ್ನು ದಾಟಿ ಬ್ರಿಟಿಷ್ ಭಾರತಕ್ಕೆ ಬರುತ್ತದೆ. ನಿಮಗೆ ನಿಜವಾಗಿ ಬೇಕಾದದ್ದು ಸಂಜೆ ಬರುವ ಮೈಸೂರಿನ ಲಾಟ್. ಬೆಳಿಗ್ಗೆ ಅಗ್ಗವೆಂದು ನಾಲ್ಕು ಪಣ ಹಿಡಿದು ಜೇಬು ಖಾಲಿ. ಆದ್ದರಿಂದ ಒಂದೊಂದು ಲಾಟ್‌ಗೆ ಮಿತಿ ಇದ್ದಂತೆ ದಿನಕ್ಕೂ ಒಂದು ಮಿತಿ ಬೇಕು, ಮುಖ್ಯವಾದದ್ದರ ಹಣವನ್ನು ಮೊದಲೇ ತೆಗೆದಿಡಬೇಕು. ಎರಡು ಲಾಟ್‌ಗಳಲ್ಲಿ ಒಂದು ಸಿಕ್ಕರೆ ಇನ್ನೊಂದು ಬೇಡ ಎಂಬ ಬಗೆಯ ಬುಕ್ ಬಿಡ್ ತೆಗೆದುಕೊಳ್ಳುವ ಹರಾಜು ಮನೆಗಳೂ ಇವೆ, ಕೇಳಿ ನೋಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಲೆಕ್ಕಕ್ಕೆ ಸಿಗದ ಒಂದು ಜಾತಿ ಉಳಿಯುತ್ತದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯ, ಹಿಂದೆ ಕನ್ನಡದಲ್ಲಿ ‘ಶ್ರೀ ತಲಕಾಡುಗೊಂಡ’ ಎಂದಿರುವುದು, ಒಳ್ಳೆಯ ಸ್ಥಿತಿಯಲ್ಲಿ ಎದುರಿಗೆ ಬಂತು ಎನ್ನಿ. ಮತ್ತೆ ಯಾವಾಗಲೋ, ಬರುತ್ತದೋ ಇಲ್ಲವೋ. ಹೋಲಿಸಲು ಹಿಂದಿನ ಬೆಲೆಗಳು ಇದ್ದರೂ ಹಳೆಯವು. ಇಲ್ಲಿ ಮಾರುಕಟ್ಟೆ ನೋಡಿ ಮಿತಿ ಹಾಕಲಾಗದು, ಮನೆ ನೋಡಿಯೇ ಹಾಕಬೇಕು. ಅನುಭವಸ್ಥ ಸಂಗ್ರಹಕಾರರು ಮಾಡುವ ಕೆಲಸ ನನಗೆ ಸರಿ ಕಾಣುತ್ತದೆ: ಇದು ಸಿಕ್ಕರೆ ನನ್ನಲ್ಲಿರುವ ಯಾವ ನಾಣ್ಯಗಳನ್ನು ಮಾರಲು ಸಿದ್ಧ ಎಂದು ಹರಾಜಿಗೆ ಮೊದಲೇ ಪೆಟ್ಟಿಗೆ ತೆರೆದು ಅವನ್ನು ಬೇರೆಯಾಗಿ ಎತ್ತಿಡುವುದು. ಎತ್ತಿಟ್ಟವುಗಳಿಂದ ಬರುವ ಹಣ, ಜೊತೆಗೆ ಕೈಯಲ್ಲಿರುವುದು, ಅಷ್ಟೇ ಮಿತಿ. ಆ ಹಣವನ್ನು ಲೆಕ್ಕ ಹಾಕುವಾಗ ಮಾರುವವರಿಂದಲೂ ಹರಾಜು ಮನೆ ಕಮಿಷನ್ ಹಿಡಿಯುತ್ತದೆ, ಹಣ ಕೈಗೆ ಬರಲು ವಾರಗಳು ಬೇಕು, ಕೊಂಡದ್ದರ ಬಿಲ್ಲಿಗೆ ಅಷ್ಟು ವಾಯಿದೆ ಕೊಡುವುದಿಲ್ಲ ಎಂಬ ಮೂರನ್ನೂ ಸೇರಿಸಿಕೊಳ್ಳಿ.